ಕೂಸು ಬರುವ ಮುಂಚೆ

ಬ್ಯಾಡಗಿಯ ಸರಕಾರಿ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದ ಕಾಶೀಬಾಯಿಯದು ಒಂದೇ ಹಟ: ಕೂಸು ಹುಟ್ಟಿ ಅಳುವವರೆಗೆ ಅದರ ಹೆಸರಿನಲ್ಲಿ ಒಂದು ನೂಲೆಳೆಯೂ ಮನೆಗೆ ಬರಕೂಡದು. ಹೆರಿಗೆಗೆ ಬಂದವರ ಚೀಲದಲ್ಲಿ ಹೊಸ ಅಂಗಿ, ಕುಲಾವಿ ಕಂಡರೆ, "ಏನ ಅವಸರವಾ ನಿನಗ? ಹಳೇ ಸೀರಿ ಹರದು ತಾ, ಸಾಕು" ಎಂದು ಗದರುತ್ತಿದ್ದಳು. ಹೊಸ ಬಟ್ಟೆಯ ಗಂಟನ್ನು ಬಿಚ್ಚದೆಯೇ ಮನೆಗೆ ಮರಳಿದ ತಾಯಂದಿರನ್ನು ಅವಳು ಕಂಡಿದ್ದಳು.

ನಿವೃತ್ತಿಯಾದ ಮೇಲೆ ರಾಣೆಬೆನ್ನೂರಿನಲ್ಲಿ ಮಗಳು ಪದ್ಮಜಾಳ ಮನೆಗೆ ಬಂದಿದ್ದಳು. ಪದ್ಮಜಾ ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಟೊಮೆಟೊ ತಳಿಯ ಕೆಲಸಕ್ಕೆಂದು ಹಾಲೆಂಡಿನಿಂದ ಅಲ್ಲಿಗೆ ಬಂದು, ಇಲ್ಲಿಯವನೇ ಆಗಿಹೋದ ಯಾನ್ ಅವಳ ಗಂಡ. ಮೂರು ಸಲ ಗರ್ಭ ನಿಲ್ಲದೆ ಹೋದ ಮೇಲೆ ಇಬ್ಬರೂ ದತ್ತಕಕ್ಕೆ ಅರ್ಜಿ ಹಾಕಿದ್ದರು. ಯಾನ್‌ನ ಪಾಸ್‌ಪೋರ್ಟ್ ಪರದೇಶದ್ದು. ಎರಡು ದೇಶಗಳ ನಡುವೆ ಕಾಗದಪತ್ರ ಓಡಾಡಿ ಎರಡು ವರ್ಷ ಕಳೆದಿತ್ತು. ಈಗ ಗುರುವಾರ ಹಾವೇರಿಯ ಮಕ್ಕಳ ರಕ್ಷಣಾ ಕಚೇರಿಯಿಂದ ಮನೆ ನೋಡಲು ಬರುತ್ತಾರೆ. ಅವರ ವರದಿ ಸರಿಯಾದರಷ್ಟೇ ಮುಂದೆ ಕೂಸಿನ ಮಾತು.

ವಾರವಿಡೀ ಮನೆಯಲ್ಲಿ ಗದ್ದಲ. ಯಾನ್ ಮಹಡಿಯ ಕಟಕಟೆಗೆ ಬಲೆ ಬಿಗಿದ. ಕಾಶೀಬಾಯಿ ಔಷಧಿಗಳನ್ನೆಲ್ಲ ಎತ್ತರದ ಮಾಡಕ್ಕೆ ಸೇರಿಸಿದಳು. ಆದರೆ ಪದ್ಮಜಾ ಫೋನಿನಲ್ಲಿ ಒಂದು ತೊಟ್ಟಿಲು ತೋರಿಸಿದಾಗ ಮಾತ್ರ ಮುಖ ತಿರುಗಿಸಿದಳು.

"ಬ್ಯಾಡವಾ. ಕೂಸಿಲ್ಲದ ತೊಟ್ಟಲಾ ಮನ್ಯಾಗ ಇರಬಾರ್ದು. ಮೂರು ಸಲ ಅತ್ತದ್ದು ಸಾಲದೇನು?"

ಪದ್ಮಜಾ ಫೋನನ್ನು ಮಗುಚಿಟ್ಟಳು.

ಗುರುವಾರ ಬಂದವಳು ಶಾಹೀನ್. ಚಹಾ ಕುಡಿಯುತ್ತ ಯಾನ್‌ನನ್ನು ಕೇಳಿದಳು, "ಕೂಸು ಸುಮ್ಮಸುಮ್ಮನ ಅಳಾಕ ಹತ್ತಿದ್ರ ಏನ ಮಾಡ್ತೀರ್ರಿ?"

"ಎತ್ಕೋತೀನ್ರಿ. ಮತ್ತೂ ಅತ್ತರ ನಮ್ಮ ಅತ್ತಿ ಕೈಯಾಗ ಕೊಡ್ತೀನ್ರಿ."

ಎಲ್ಲರೂ ನಕ್ಕರು. ಆಮೇಲೆ ಶಾಹೀನ್ ಕೂಸಿಗೆಂದು ಬಿಟ್ಟ ಕೋಣೆಯ ಬಾಗಿಲು ತೆಗೆದಳು. ಸುಣ್ಣ ಬಳಿದ ನಾಲ್ಕು ಗೋಡೆ, ಒಂದು ಕಿಟಕಿ, ಅಷ್ಟೇ. ಅವಳ ಪೆನ್ನು ನಿಂತಿತು.

"ಒಂದು ಚಾದರನೂ ಇಲ್ಲಲ್ರಿ? ಮನಸ್ಸಿನ್ಯಾಗ ಇನ್ನೂ ಅನುಮಾನ ಇದ್ರ ಈಗ ಹೇಳ್ರಿ. ಅದರಾಗ ತಪ್ಪೇನಿಲ್ಲ."

ಪದ್ಮಜಾಳ ಕಣ್ಣು ತುಂಬಿದವು. ಕಾಶೀಬಾಯಿ ನಡುವೆ ಬಂದಳು.

"ಅವರಿಬ್ಬರದೂ ಏನೂ ತಪ್ಪಿಲ್ಲವಾ. ನಾನ ತರಗೊಡಲಿಲ್ಲ. ಕೂಸು ಹುಟ್ಟೋಕಿಂತ ಮೊದಲ ಏನೂ ತರಬಾರ್ದು ಅಂತ..."

ಶಾಹೀನ್ ನಕ್ಕಳು. "ನಮ್ಮಲ್ಲೂ ಹಂಗ ಐತ್ರಿ. ನನ್ನ ಮಗಗ ಆರು ದಿನ ನನ್ನ ಹಳೇ ದುಪಟ್ಟಾನ ಗತಿ ಆಗಿತ್ತು. ಆದ್ರ ಬಾಯಾರ, ನಿಮ್ಮ ಕೂಸು ಹುಟ್ಟಿಬಿಟ್ಟೈತಲ್ರಿ. ಎಲ್ಲಿ ಅಂತ ನನಗೂ ಗೊತ್ತಿಲ್ಲ. ಯಾವುದೋ ಊರಿನ ಶಿಶುಗೃಹದಾಗ ಕುಂದ್ರಾಕ ಕಲ್ತಿರಬೇಕು. ಇಲ್ಲಾ ಗ್ವಾಡಿ ಹಿಡದು ನಡ್ಯಾಕ ಹತ್ತಿರಬೇಕು."

ಕಾಶೀಬಾಯಿ ಬರಿ ನೆಲದ ಮೇಲೆ ಕುಳಿತುಬಿಟ್ಟಳು. ಎಷ್ಟು ಕೂಸುಗಳ ಮೊದಲ ಅಳುವನ್ನು ಕೇಳಿದ್ದಳು ಅವಳು! ಈ ಕೂಸಿನದು ಮುಗಿದುಹೋಗಿತ್ತು. ಬೇರೆ ಯಾರೋ ಕೇಳಿದ್ದರು. ಇವಳು ಮಾತ್ರ ಇಲ್ಲಿ ಅದಕ್ಕಾಗಿ ಕಿವಿಗೊಟ್ಟು ಕೂತಿದ್ದಳು.

"ಇಷ್ಟೊತ್ತಿಗೆ ಉಂಡಿರ್ತದೇನವಾ ಅದು?" ಎಂದಳು ಮೆಲ್ಲಗೆ.

"ಉಂಡಿರ್ತೈತ್ರಿ." ಶಾಹೀನ್ ಕಾಗದಗಳನ್ನು ಮಡಚಿದಳು. "ಈ ಕೋಣಿದೊಂದು ಬರಿಯೂದು ಬಿಟ್ಟೇನಿ. ಮುಂದಿನ ಗುರುವಾರ ಮತ್ತ ಬರ್ತೀನಿ."

ಅವಳು ಗೇಟು ದಾಟುವುದಷ್ಟೇ ತಡ, ಕಾಶೀಬಾಯಿ ಮಗಳ ಕೈ ಹಿಡಿದು ಆಟೋ ಹತ್ತಿದಳು. ಪೇಟೆಯಲ್ಲಿ ಬಟ್ಟೆ ಅಂಗಡಿಯ ತೌಹೀದ ಕೇಳಿದ, "ಎಷ್ಟ ತಿಂಗಳ ಕೂಸರಿ?"

"ಗೊತ್ತಿಲ್ಲಪಾ. ಆರು ತಿಂಗಳದ್ದು, ವರ್ಷದ್ದು, ಎರಡು ವರ್ಷದ್ದು, ಮೂರೂ ಕೊಡು."

"ಗಂಡೋ, ಹೆಣ್ಣೋ?"

"ಅದೂ ಗೊತ್ತಿಲ್ಲ," ಎಂದಳು ಕಾಶೀಬಾಯಿ, ಒಂದು ಪುಟ್ಟ ಅಂಗಿಯ ತೋಳನ್ನು ಬೆರಳಲ್ಲಿ ಅಳೆಯುತ್ತ. "ಹುಟ್ಟ್ಯದ. ಅಷ್ಟ ಗೊತ್ತದ."