ಅವ್ವನಿಗೆ ನಾನು ಕೊಟ್ಟ ಮೂರನೆಯ ಮಾತ್ರೆ

ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ನಾನು ವೈದ್ಯನಲ್ಲ, ಭಾಷಾಪಂಡಿತನೂ ಅಲ್ಲ. ಕೆಂಭಾವಿ ಕಡೆಯ ಹಳ್ಳಿಯೊಂದರ ಮನೆಯಲ್ಲಿ ಮೊದಲು ಪದವಿ ಪಡೆದವನು, ಅಷ್ಟೇ. ಈ ಬರಹದಲ್ಲಿ ಕೊರತೆ ಕಂಡರೆ ಓದುಗರು ಮನ್ನಿಸಬೇಕು; ಇದರಲ್ಲಿ ಹೇಳಲಿರುವ ತಪ್ಪಿಗಿಂತ ಅದು ಚಿಕ್ಕದೇ ಇದ್ದೀತು.

ಕಾಲುವೆ ನೀರಿನ ಪಾಳಿಯ ಚೀಟಿಯಾಗಲಿ, ಗೊಬ್ಬರದ ಚೀಲದ ಮೇಲಿನ ಅಕ್ಷರವಾಗಲಿ, ನಾನು ಓದಿ ಹೇಳಿದ್ದೇ ನಮ್ಮ ಮನೆಯಲ್ಲಿ ಕೊನೆಯ ಮಾತು. ಅವ್ವನಿಗೆ ರಕ್ತದೊತ್ತಡಕ್ಕೆಂದು ಎರಡು ಮಾತ್ರೆಗಳು ಆರಂಭವಾದಾಗ, ಅಡಿಪಟ್ಟಿ ಹಿಡಿದು ಗೆರೆ ಎಳೆದು, ‘ಪ್ರಾತಃಕಾಲ’ ಎಂಬ ಶೀರ್ಷಿಕೆಯ ತಖ್ತೆಯೊಂದನ್ನು ಬರೆದು ಗೋಡೆಗೆ ಅಂಟಿಸಿದೆ. ಅವ್ವನಿಗೆ ಓದಲು ಬರುವುದಿಲ್ಲವೆಂಬುದು ಅಂಟಿಸಿದ ಮೇಲೆ ನೆನಪಾಯಿತು.

ಕೆಲವು ತಿಂಗಳ ನಂತರ ಶಹಾಪುರದ ಡಾಕ್ಟರು ಹೊಸ ಮಾತ್ರೆ ಬರೆದು, ಅವಸರದಲ್ಲಿ ಏನೋ ವಿವರಿಸಿ, ‘ತಿಳೀತೇನ್ರಿ?’ ಎಂದರು. ಏನೂ ತಿಳಿದಿರಲಿಲ್ಲ. ಪದವೀಧರನು ಮರುಪ್ರಶ್ನೆ ಕೇಳುವುದು ಶೋಭೆಯಲ್ಲವೆಂದು, ‘ಸಂಪೂರ್ಣವಾಗಿ ತಿಳಿಯಿತು’ ಎಂದೆ. ಮನೆಗೆ ಬಂದು ತಖ್ತೆಯಲ್ಲಿ ಮೂರನೆಯ ಸಾಲು ಸೇರಿಸಿದೆ.

‘ಹೊಸಾದು ಬಂದ ಮ್ಯಾಲ ಹಳೀವು ಯಾಕೋ ತಮ್ಮಾ?’ ಅವ್ವ ಕೇಳಿದಳು.

‘ಹೆಸರು ಬ್ಯಾರೆ ಬ್ಯಾರೆ ಅದಾವವ್ವ. ಓದಿದಾಂವ ನಾನೋ, ನೀನೋ?’

‘ನೀನೇ ಬಿಡಪ್ಪಾ,’ ಎಂದು ಮೂರನ್ನೂ ನುಂಗಿದಳು.

ಮೂರನೆಯ ದಿನ ಭತ್ತದ ನಾಟಿಗೆ ಬಗ್ಗಿದ್ದವಳು ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟು ಕಾಲುವೆಯತ್ತ ವಾಲಿದಳು. ಪಕ್ಕದಲ್ಲಿದ್ದ ಚಿಕ್ಕವ್ವ ಸೆರಗು ಹಿಡಿದು ಎಳೆಯದಿದ್ದರೆ ಅವ್ವ ಉಳಿಯುತ್ತಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಮೂರೂ ಮಾತ್ರೆಪಟ್ಟಿಗಳನ್ನು ಮೇಜಿನ ಮೇಲೆ ಹರಡಿದರು.

‘ಈ ಹೊಸಾ ಗುಳಿಗ್ಯಾಗ ಆ ಎರಡೂ ಔಷಧ ಕೂಡೇ ಅದಾವ್ರಿ. ಎರಡೆರಡು ಸಲ ಕೊಟ್ಟೀರಿ. ಸಣ್ಣ ಅಕ್ಷರ ಓದಲಿಲ್ಲೇನ್ರಿ?’

ನನ್ನ ಪಾಂಡಿತ್ಯ ದೊಡ್ಡ ಅಕ್ಷರಗಳಲ್ಲೇ ಮುಗಿದಿತ್ತು. ‘ಹಾಗಾದರೆ ಎಲ್ಲವನ್ನೂ ನಿಲ್ಲಿಸಿಬಿಡುತ್ತೇನೆ,’ ಎಂದೆ, ವ್ಯಾಕರಣಬದ್ಧವಾಗಿ.

‘ಅದೂ ಬ್ಯಾಡ್ರಿ ಸಾಹೇಬ್ರ! ನಿಮ್ಮಷ್ಟಕ್ಕ ನೀವು ಕೂಡಿಸಬ್ಯಾಡ್ರಿ, ನಿಮ್ಮಷ್ಟಕ್ಕ ನೀವು ಬಿಡಿಸಬ್ಯಾಡ್ರಿ. ಬಿ.ಪಿ. ನೋಡಿ ನಾ ಹೇಳ್ತೀನಿ.’

ಮಂಚದ ಮೇಲಿಂದ ಅವ್ವ ಕ್ಷೀಣ ದನಿಯಲ್ಲಿ, ‘ಅಂವಗ ಬೈಬ್ಯಾಡ್ರಿ, ಭಾಳ ಓದ್ಯಾನ,’ ಎಂದಳು. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಅತ್ತ ತಿರುಗಿದರು.

ಎರಡು ದಿನಗಳಲ್ಲಿ ಅವ್ವ ಚೇತರಿಸಿಕೊಂಡಳು. ಅಂದಿನಿಂದ ಡಾಕ್ಟರು ಬಿ.ಪಿ. ನೋಡಿ ಹೇಳಿದಂತೆ ಆ ಹೊಸ ಮಾತ್ರೆಯೊಂದೇ ದಿನಾಲು ನಡೆದಿದೆ. ಈಗ ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳೆಲ್ಲ ಜೊತೆಗೆ ಬರುತ್ತವೆ. ಹೊಸದನ್ನು ಬರೆದರೆ ಹಳೆಯದರಲ್ಲಿ ಯಾವುದನ್ನು ಬಿಡಬೇಕೆಂದು ಅವ್ವನೇ ಕೇಳುತ್ತಾಳೆ. ಉತ್ತರ ತನಗೆ ತಿಳಿಯುವವರೆಗೆ ಏಳುವುದಿಲ್ಲ. ನಾನು ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ.