ಗುಟ್ಟು ಬಿಟ್ಟುಕೊಡದ ಕೋಣೆ

ಬೀದಿದೀಪಗಳು ಇನ್ನೂ ಆರಿಲ್ಲ. ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ ಅಕ್ಕ ಪರದೆಗಳ ಧೂಳು ಒರೆಸುತ್ತಿದ್ದಾರೆ. ಊರಿಗೆಲ್ಲ ಅವರು ಅಕ್ಕನೇ. ಒರೆಸಿದ ಮೇಲೆ ಬ್ರೌಸರ್ ತೆರೆದು, ಹುಡುಕುವ ಜಾಗದಲ್ಲಿ ಒಂದಕ್ಷರ ಒತ್ತಿ ಕಾಯುತ್ತಾರೆ. ಏನೂ ಮೂಡದಿದ್ದರೆ ಮುಂದಿನ ಕುರ್ಚಿಗೆ.

"ಬಾಯಿ ಬಿಡುತ್ತಾ ಅಂತ ನೋಡ್ತೀನಿ."

ಯಾರೇ ಎದ್ದುಹೋದರೂ ಇದೇ ಪರೀಕ್ಷೆ.

ಮೊದಲಿದ್ದ ಬ್ರೌಸರ್ ಏನನ್ನೂ ಮರೆಯುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಮೂಲೆಯ ಕಂಪ್ಯೂಟರಿನಲ್ಲಿ ಏನೋ ಹುಡುಕಿ ಎದ್ದಳು. ಅವಳ ಮೈದುನ ಅದೇ ಕುರ್ಚಿಗೆ ಬಂದ. 'ಗ' ಒತ್ತಿದ್ದೇ ತಡ, ಅವಳ ಪ್ರಶ್ನೆ ಪೂರ್ತಿ ಮೂಡಿತು: ಗಂಡ ಹೋದ ಮೇಲೆ ನಗುವುದು ತಪ್ಪೇ?

"ನಮ್ಮತ್ತಿಗೆಗೆ ನಗು ಬರ್ತಿದೆಯಂತೆ, ಕೇಳ್ರೋ!"

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳು ತಲೆಯೆತ್ತಲಿಲ್ಲ. ಮತ್ತೆ ಬರಲೂ ಇಲ್ಲ.

ಅಕ್ಕ ಅವರಿವರನ್ನು ಕಾಡಿ ಬೇಡಿ ಬೇರೆ ಬ್ರೌಸರ್ ಹಾಕಿಸಿದರು. ಮುಚ್ಚಿದೊಡನೆ ಎಲ್ಲವನ್ನೂ ಮರೆಯುವಂತೆ ಹೊಂದಿಸಲು ಕಲಿತರು. "ಈ ಬ್ರೌಸರನ್ನ ಹೇಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ನೋಡಬಹುದಂತೆ. ಅಡುಗೆಮನೆ ಬಾಗಿಲು ತೆಗೆದಿಟ್ಟ ಹೋಟ್ಲಿದ್ದ ಹಾಗೆ. ನಂಗೆ ಅದನ್ನ ಓದೋಕೆ ಬರಲ್ಲ. ಗೊತ್ತಿರೋರು ನೋಡ್ತಿರ್ತಾರಲ್ಲ, ಅಷ್ಟು ಧೈರ್ಯ."

ಆದರೆ ದಿನಾ ಬರುವ ತಾತನಿಗೆ ಸಿಟ್ಟು. ಪ್ರತಿಸಲವೂ ಪಾಸ್‌ವರ್ಡ್ ಒತ್ತಬೇಕು.

"ಏನಮ್ಮಾ, ನಿನ್ ಕಂಪ್ಯೂಟರ್‌ಗೆ ಅರಳುಮರಳಾ?"

"ನಿಮಗಿನ್ನೂ ಆಗಿಲ್ವಲ್ಲ ತಾತ, ಒತ್ತಿ."

ತಾತ ಮೇಲಧಿಕಾರಿಗೆ ದೂರಿತ್ತರು. ಹಳೆಯದನ್ನೇ ಹಾಕಬೇಕೆಂದು ಅಪ್ಪಣೆಯಾಯಿತು. ಅಕ್ಕ ಜಗಳವಾಡಲಿಲ್ಲ. ತಾತನ ಪಕ್ಕ ಕುರ್ಚಿ ಎಳೆದುಕೊಂಡು, ಹೆಸರೆತ್ತದೆ, ಆ ಹುಡುಗಿಯ ಕಥೆ ಹೇಳಿದರು.

ತಾತ ಕನ್ನಡಕ ತೆಗೆದು ಒರೆಸಿದರು. "ಮೊದಲೇ ಬೊಗಳೋದಲ್ವಾ? ನಾನೂ ಇದರಲ್ಲಿ ಏನೇನೋ ಕೇಳಿರ್ತೀನಿ." ಆಮೇಲೆ ತಾವೇ ಎದ್ದು ಅಧಿಕಾರಿಯ ಕೋಣೆಗೆ ನಡೆದರು. ಅಪ್ಪಣೆ ರದ್ದಾಯಿತು. ಪಾಸ್‌ವರ್ಡಿನ ಗೊಣಗಾಟ ಮಾತ್ರ ಈಗಲೂ ಇದೆ.

ಮೊನ್ನೆ ಆ ಹುಡುಗಿ ಬಂದಿದ್ದಳು. ಅದೇ ಮೂಲೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಹೊರಡುವಾಗ ಅಕ್ಕನ ಕೈಯನ್ನು ಸುಮ್ಮನೆ ಹಿಡಿದು ಬಿಟ್ಟಳು.

ಅವಳು ಹೋದ ಮೇಲೆ ಅಕ್ಕ ಆ ಕುರ್ಚಿಯಲ್ಲಿ ಕೂತು 'ಗ' ಒತ್ತಿದರು. ಏನೂ ಮೂಡಲಿಲ್ಲ.

"ಏನು ಕೇಳಿದ್ಲೋ, ನಂಗೆ ಗೊತ್ತಿಲ್ಲ," ಎನ್ನುತ್ತಾರೆ ಅಕ್ಕ, ಒರೆಸುವ ಬಟ್ಟೆ ಹಿಂಡುತ್ತಾ. "ಗೊತ್ತಾಗ್ಲೂಬಾರ್ದು. ಅಷ್ಟು ಮಾಡಿದೀನಿ."