ಮಾವ ಹಾಕಿದ ಸಹಿ

ಮಣಿಪಾಲದಲ್ಲಿ ಆಸ್ಪತ್ರೆ ಆಡಳಿತದ ಓದು ಮುಗಿಸಿ ನಾನು ಕಾರ್ಕಳದ ಒಂದು ಆಸ್ಪತ್ರೆಗೆ ಸೇರಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ನಿಯಮಗಳು ಕಾಗದದಲ್ಲಷ್ಟೇ ಉಳಿಯದೆ ವಾರ್ಡಿನಲ್ಲಿಯೂ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಹಿಡಿದದ್ದು ಒಂದೇ ನಿಯಮವನ್ನು: ಪ್ರಾಯಕ್ಕೆ ಬಂದ ರೋಗಿಗೆ ಆಪರೇಷನ್ ಬಗ್ಗೆ ಅವರ ಭಾಷೆಯಲ್ಲಿಯೇ ಹೇಳಬೇಕು, ಒಪ್ಪಿಗೆಯ ಸಹಿಯನ್ನು ಅವರೇ ಹಾಕಬೇಕು. ತರಬೇತಿಗೆ ಎಲ್ಲರೂ ಬಂದರು, ತಲೆಯಾಡಿಸಿದರು, ಚಹಾ ಕುಡಿದು ಹೋದರು. ಹೆಂಗಸರ ಪರವಾಗಿ ಗಂಡನೋ ಮಗನೋ ಸಹಿ ಹಾಕುವುದು ನಿಲ್ಲಲಿಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಯಜಮಾನಿಕೆ ತಾಯಿಯ ಅಣ್ಣನದು. ಆ ಮನೆಗಳ ಹೆಂಗಸರಿಗೆ ಸೋದರಮಾವನ ಸಹಿ.

ಕಾಪುವಿನ ಒಬ್ಬಳು ಗರ್ಭಕೋಶದ ಗಡ್ಡೆಗಾಗಿ ದಾಖಲಾಗಿದ್ದಳು. ಮೂವತ್ತರ ಹತ್ತಿರದ ಪ್ರಾಯ, ಮದುವೆಯಾಗಿರಲಿಲ್ಲ. ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಅವಳ ಜಡೆಯಿಂದ ಮಲ್ಲಿಗೆ ಬಿಚ್ಚುತ್ತಿದ್ದಾಗ ನಾನು ಫೈಲು ನೋಡಿದೆ. ಗರ್ಭಕೋಶವನ್ನೇ ತೆಗೆಯಲು ಮಾವ ಸಹಿ ಹಾಕಿದ್ದರು. ನಾನು ಕಲ್ಯಾಣಪುರದ ಕೊಂಕಣಿ ಮನೆಯವಳು, ನನ್ನ ತುಳು ಅಷ್ಟಕ್ಕಷ್ಟೆ. ಆದರೂ ತುಳುವಿನಲ್ಲಿಯೇ ಕೇಳಿದೆ, ಇವತ್ತು ಏನು ಮಾಡುತ್ತಾರೆಂದು ಗೊತ್ತೇ ಎಂದು. ನನ್ನ ಕಷ್ಟ ನೋಡಿ ಅವಳು ಕನ್ನಡದಲ್ಲಿ ಹೇಳಿದಳು.

"ಗಡ್ಡೆ ತೆಗೀತಾರಲ್ವಾ?"

"ಗರ್ಭಕೋಶವನ್ನೂ."

ಅವಳು ಎದ್ದು ಕೂತಳು. "ಅದನ್ನು ಯಾರು ಹೇಳಿದ್ದು? ನನಗೆ ಮದುವೆ ಆಗ್ಲಿಕ್ಕೆ ಉಂಟು."

ನಾನು ಆಪರೇಷನ್ ನಿಲ್ಲಿಸಲು ಹೇಳಿದೆ. ಸರ್ಜನ್ ಥಿಯೇಟರಿನಿಂದ ಹೊರಗೆ ಬಂದರು. "ಅರಿವಳಿಕೆ ಡಾಕ್ಟ್ರು ಉಡುಪಿಯಿಂದ ಬಂದು ಕೂತಿದ್ದಾರೆ. ನಿಮಗೆ ಈಗಲೇ ಕಾನೂನು ನೆನಪಾಗುದಾ ಮಾರಾಯ್ರೆ?"

ಮಾವನಿಗೂ ಸಿಟ್ಟು ಬಂದಿತ್ತು. "ನಾನು ಇರುವಾಗ ಅವಳ ಹತ್ರ ಕೇಳುದೆಂತಕ್ಕೆ? ಹೆದರ್ತಾಳೆ ಅಂತ ಹೇಳ್ಲಿಲ್ಲ. ಅವಳ ಜೀವ ಮುಖ್ಯ ಅಲ್ವಾ?"

ಗಡ್ಡೆಯನ್ನು ಮಾತ್ರ ತೆಗೆಯಲು ಆಗುವುದಿಲ್ಲವೇ ಎಂದು ಸರ್ಜನ್ ಹತ್ತಿರ ಕೇಳಿದೆ.

"ಆಗ್ತದೆ. ಇಲ್ಲಿ ಕಷ್ಟ, ರಕ್ತ ಜಾಸ್ತಿ ಹೋಗ್ತದೆ. ಮಣಿಪಾಲದಲ್ಲಿ ಮಾಡ್ತಾರೆ."

ಇಷ್ಟನ್ನು ಮಾವನಿಗೂ ಯಾರೂ ಹೇಳಿರಲಿಲ್ಲ. ವಾರ್ಡಿನ ಬಾಗಿಲಿನವರೆಗೆ ನಡೆದು ಬಂದಿದ್ದ ಅವಳು, "ಮಣಿಪಾಲಕ್ಕೆ ಹೋಗುವ, ಮಾವ" ಎಂದಳು. ಅವರು ನನ್ನ ಮುಖ ನೋಡದೆ ಕಾರು ತರಿಸಲು ಹೋದರು.

ಇನ್ನಾದರೂ ಸರಿಹೋಗಬಹುದು ಅಂದುಕೊಂಡೆ. ಆಡಳಿತಾಧಿಕಾರಿಗಳು ಸಭೆ ಕರೆದು, ಇನ್ನು ಮುಂದೆ ರೋಗಿಯ ಸಹಿ ಇಲ್ಲದೆ ಥಿಯೇಟರಿನ ಬಾಗಿಲು ತೆರೆಯಬಾರದು ಎಂದರು. ಮುಂದಿನ ಪರಿಶೀಲನೆಯಲ್ಲಿ ಒಂದು ಫೈಲಿನಲ್ಲೂ ತಪ್ಪು ಇರಲಿಲ್ಲ. ಎಲ್ಲದರಲ್ಲೂ ರೋಗಿಯದೇ ಸಹಿ ಅಥವಾ ಹೆಬ್ಬೆಟ್ಟು, ಅದರ ಕೆಳಗೆ ನೇರಳೆ ಶಾಯಿಯ ಮೊಹರು: 'ರೋಗಿಗೆ ವಿವರಿಸಲಾಗಿದೆ'.

"ಸ್ಟಾಂಪ್ ಮಾಡಿಸಿದೆವು ಮೇಡಂ," ಎಂದರು ಹೆಡ್ ನರ್ಸ್. "ಪ್ರತಿ ಸಲ ಬರೀಲಿಕ್ಕೆ ಯಾರಿಗೆ ಪುರುಸೊತ್ತು ಉಂಟು? ನಿಮಗೂ ಸುಲಭ."

ಅವರ ಮೇಜಿನ ಮೇಲೆ ಮರುದಿನದ ಖಾಲಿ ಒಪ್ಪಿಗೆ ಪತ್ರಗಳಿದ್ದವು. ಮೊಹರು ಆಗಲೇ ಬಿದ್ದಿತ್ತು. ನಾನು ಹೆಂಗಸರ ವಾರ್ಡಿಗೆ ಹೋದೆ. ಆ ದಿನವೇ ಆಪರೇಷನ್ ಇದ್ದ ಒಬ್ಬ ಅಮ್ಮ ಬಾಗಿಲ ಪಕ್ಕದ ಹಾಸಿಗೆಯಲ್ಲಿದ್ದರು. ಹೆಬ್ಬೆಟ್ಟಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

"ಎಂತ ಆಪರೇಷನ್ ಅಮ್ಮ?"

"ಅದು ಮಗನ ಹತ್ರ ಕೇಳ್ಬೇಕು," ಎಂದರು.

ಕುರ್ಚಿ ಎಳೆದುಕೊಂಡು ಕೂತು, ಡಾಕ್ಟರನ್ನು ಕರೆಯಲು ನರ್ಸ್ ಹತ್ತಿರ ಹೇಳಿದೆ.